ರೂಬಿಕೈಗಿಗೆ ಯಾವ ಊರು ಚೆನ್ನ? ಮಾತ್ಸುಮೊಟೊ, ನಾಹಾ, ಮಾತ್ಸುಯಾಮಾ

ರೂಬಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ದೊಡ್ಡ ಸಮ್ಮೇಳನ ರೂಬಿಕೈಗಿ 2016ರಲ್ಲಿ ಟೋಕಿಯೊ ಬಿಟ್ಟು ಕ್ಯೋಟೊಗೆ ಹೋಯಿತು. ಆಮೇಲೆ ಹಿರೋಶಿಮಾ, ಸೆಂಡಾಯ್, ಫುಕುಒಕಾ ಅಂತ ಊರೂರು ಸುತ್ತುತ್ತಿದೆ. ಮೂರು ದಿನದ ಕಾರ್ಯಕ್ರಮ. ವೆಬ್ ಆ್ಯಪ್ ಕಟ್ಟುವ ಮಾತು ಕಡಿಮೆ. ಪಾರ್ಸರ್ (ಬರೆದ ಕೋಡನ್ನು ಓದಿ ಬಿಡಿಸುವ ಭಾಗ), ಜಿಟ್ ಕಂಪೈಲರ್ (ಓಡುತ್ತಿರುವಾಗಲೇ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಭಾಗ), ಗಾರ್ಬೇಜ್ ಕಲೆಕ್ಟರ್ (ಬೇಡವಾದ ಮೆಮೊರಿ ಖಾಲಿ ಮಾಡುವ ಭಾಗ) ಅಂತ ಭಾಷೆಯ ಒಳಗಿನ ವಿಷಯವೇ ಜಾಸ್ತಿ. ಟೋಕಿಯೊದಲ್ಲಿ ಕೆಲಸ ಮಾಡುವ ನನಗೆ 2023ರ ಮಾತ್ಸುಮೊಟೊ, 2024ರ ನಾಹಾ, 2025ರ ಮಾತ್ಸುಯಾಮಾ ಮೂರೂ ಸಿಕ್ಕವು. ಭಾಷಣಗಳ ವಿಡಿಯೊ ಹೇಗೂ ಆಮೇಲೆ ಯೂಟ್ಯೂಬಿಗೆ ಬರುತ್ತದೆ. ಹಾಗಾಗಿ ದುಡ್ಡು ಕೊಟ್ಟು ಹೋಗುವವರು ನೋಡಬೇಕಾದ್ದು ಊರನ್ನೇ. ಸಂಜೆ ಹಾಲ್ ಬಾಗಿಲು ಹಾಕಿದ ಮೇಲೆ ಜನ ಎಲ್ಲಿ ಸಿಗುತ್ತಾರೆ ಅನ್ನುವುದು ನನ್ನ ಮೊದಲ ಲೆಕ್ಕ. ಸಸ್ಯಾಹಾರಿಯ ಹೊಟ್ಟೆಗೆ ಏನು ಬೀಳುತ್ತದೆ ಅನ್ನುವುದು ಎರಡನೆಯದು.

ಮಾತ್ಸುಮೊಟೊ ನಾಗಾನೊ ಪ್ರಾಂತ್ಯದ ಊರು. ಟೋಕಿಯೊದ ಶಿಂಜುಕು ನಿಲ್ದಾಣದಿಂದ ಅಜುಸಾ ರೈಲು ಹತ್ತಿದರೆ ಎರಡೂವರೆ ಗಂಟೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಸುತ್ತ ಬೆಟ್ಟ, ಮೇ ತಿಂಗಳಲ್ಲೂ ಸಂಜೆಗೆ ಜಾಕೆಟ್ ಬೇಕು. ಸಮ್ಮೇಳನ ನಡೆದದ್ದು ಊರಿನ ನಾಟಕಮಂದಿರದಲ್ಲಿ. ತೊಯೊ ಇಟೊ ವಿನ್ಯಾಸ ಮಾಡಿದ ಕಟ್ಟಡ ಅದು. ಗೋಡೆಯ ತುಂಬ ಚಿಕ್ಕ ಚಿಕ್ಕ ಗಾಜಿನ ಕಿಂಡಿಗಳು, ಅವುಗಳಿಂದ ಒಳಗೆ ಬೀಳುವ ಬೆಳಕು. ಕಾರಿಡಾರಿನಲ್ಲಿ ನಿಂತು ಹರಟೆ ಹೊಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ.

ಆದರೆ ನನಗೆ ಮಾತ್ಸುಮೊಟೊ ಹಿಡಿಸಿದ್ದು ಅದರ ಅಳತೆಯಿಂದ. ಎರಡು ಲಕ್ಷ ಚಿಲ್ಲರೆ ಜನರ ಊರು, ನಡುಭಾಗವನ್ನೆಲ್ಲ ನಡೆದೇ ಮುಗಿಸಬಹುದು. ನಾಟಕಮಂದಿರದಿಂದ ಹೊರಟು, ಬಿಳಿ ಗೋಡೆಯ ಹಳೇ ಉಗ್ರಾಣಗಳಿರುವ ನಾಕಾಮಾಚಿ ಬೀದಿ ಹಾದು, ಮೆತೊಬಾ ಹೊಳೆ ದಾಟಿದರೆ ಮಾತ್ಸುಮೊಟೊ ಕೋಟೆ. ಹಳೇ ಕಾಲದ ಮುಖ್ಯ ಗೋಪುರ ಹಾಗೇ ಉಳಿದಿರುವ ಹನ್ನೆರಡೇ ಕೋಟೆಗಳು ಜಪಾನಿನಲ್ಲಿವೆ, ಇದು ಅವುಗಳಲ್ಲಿ ಒಂದು. ದಾರಿಯಲ್ಲಿ ಅಲ್ಲಲ್ಲಿ ಬುಗ್ಗೆ ನೀರಿನ ಬಾವಿಗಳಿವೆ, ಊರಿನವರು ಬಾಟಲಿ ತುಂಬಿಸಿಕೊಂಡು ಹೋಗುತ್ತಿರುತ್ತಾರೆ. ಅಲ್ಲಿ ಎತ್ತ ತಿರುಗಿದರೂ ಕೊರಳಿಗೆ ಸಮ್ಮೇಳನದ ಬ್ಯಾಡ್ಜ್ ಹಾಕಿಕೊಂಡ ಒಬ್ಬರು ಸಿಗುತ್ತಿದ್ದರು. ಆ ವರ್ಷ ಎಲ್ಲರ ಬಾಯಲ್ಲೂ ಪಾರ್ಸರ್. ಪಾರ್ಸರ್ ತಯಾರಿಸಿಕೊಡುವ ಹಳೇ ಉಪಕರಣ ಬೈಸನ್ ತೆಗೆದು ಅದರ ಜಾಗಕ್ಕೆ ಲ್ರಾಮಾ ತರುವ ಮಾತು ನಡೆಯುತ್ತಿತ್ತು. ಡಿಸೆಂಬರಿನಲ್ಲಿ ಬಂದ ರೂಬಿ 3.3ರಲ್ಲಿ ಅದು ಸೇರಿಯೂ ಬಿಟ್ಟಿತು. ರೂಬಿಯ ವ್ಯಾಕರಣ ನಿಯಮಗಳ ಕಡತದ ಬಗ್ಗೆ ನನ್ನ ತಲೆಗೆ ಹೋದದ್ದರಲ್ಲಿ ಅರ್ಧ ಆ ಬೀದಿಗಳಲ್ಲಿ ಕೇಳಿದ್ದು.

ನಾಹಾ ಇದಕ್ಕೆ ಪೂರ್ತಿ ಉಲ್ಟಾ. ಅದಿರುವ ಒಕಿನಾವಾ ಅಂದರೆ ಟೋಕಿಯೊದವರಿಗೂ ರಜೆಯ ಜಾಗ. ವಿಮಾನ ಇಳಿದು ಮೊನೊರೈಲ್ ಹತ್ತಿದರೆ ಊರೊಳಗೆ ಬಂದಾಯಿತು, ಅಷ್ಟು ಸಲೀಸು. 2021ರಲ್ಲಿ ತೆರೆದ ಹೊಸ ಕಲಾಮಂದಿರದಲ್ಲಿ ಸಮ್ಮೇಳನ, ಅಲ್ಲಿಂದ ಕೊಕುಸಾಯ್ ಬೀದಿ ನಾಲ್ಕು ಹೆಜ್ಜೆ. ಕಷ್ಟ ಅಲ್ಲೇ ಶುರು. ಸಂಜೆ ಆಯಿತೋ ಇಲ್ಲವೋ ಆ ಬೀದಿ ಎಲ್ಲರನ್ನೂ ನುಂಗಿಬಿಡುತ್ತದೆ. ಪ್ರವಾಸಿಗರ ಜಾತ್ರೆಯಲ್ಲಿ ಬ್ಯಾಡ್ಜ್ ಹುಡುಕುವುದು ಹೇಗೆ? ಕಂಪನಿಗಳು ಏರ್ಪಡಿಸುವ ಡ್ರಿಂಕಪ್ ಅನ್ನುವ ಸಂಜೆ ಪಾರ್ಟಿಗಳಿಗೆ ಮೊದಲೇ ಹೆಸರು ಕೊಟ್ಟಿದ್ದವರಿಗೆ ತೊಂದರೆ ಇರಲಿಲ್ಲ. ಸುಮ್ನೆ ಅಡ್ಡಾಡಿ ಜನರನ್ನು ಭೇಟಿಯಾಗೋಣ ಅಂದುಕೊಂಡವರಿಗೆ ಸಿಕ್ಕಿದ್ದು ಬೆವರು ಮಾತ್ರ. ಶುರಿ ಕೋಟೆಗೆ ಮೊನೊರೈಲಿನಲ್ಲೇ ಹೋಗಬಹುದು. 2019ರ ಬೆಂಕಿಯಲ್ಲಿ ಸುಟ್ಟುಹೋದ ಮುಖ್ಯ ಕಟ್ಟಡವನ್ನು ಮತ್ತೆ ಕಟ್ಟುತ್ತಿದ್ದರು, ಆ ಮರಗೆಲಸವನ್ನೇ ಜನ ನೋಡಲಿ ಅಂತ ತೆರೆದಿಟ್ಟಿದ್ದರು. ಪ್ರವಾಸ ಅಂತ ಕೇಳಿದರೆ ಮೂರರಲ್ಲಿ ನಾಹಾನೇ ಮೊದಲು, ಅದರಲ್ಲಿ ಎರಡು ಮಾತಿಲ್ಲ.

ಮಾತ್ಸುಯಾಮಾ ಇರುವುದು ಶಿಕೊಕು ದ್ವೀಪದಲ್ಲಿ. ನಾಲ್ಕು ಮುಖ್ಯ ದ್ವೀಪಗಳಲ್ಲಿ ಶಿಂಕಾನ್ಸೆನ್ ಬುಲೆಟ್ ರೈಲು ಇನ್ನೂ ಮುಟ್ಟದಿರುವುದು ಇದೊಂದೇ. ಅದಕ್ಕೇ ಟೋಕಿಯೊದಿಂದ ಹೆಚ್ಚಿನವರು ವಿಮಾನ ಹಿಡಿಯುತ್ತಾರೆ. ಕೆಂಜೊ ತಾಂಗೆ ವಿನ್ಯಾಸದ ಪ್ರಾಂತ್ಯದ ಸಭಾಭವನ ತುಂಬಾ ದೊಡ್ಡದು, ಸ್ವಲ್ಪ ಸರ್ಕಾರಿ ಗಾಂಭೀರ್ಯ. ಒಳಗೆ ಹರಟೆ ಕಳೆಗಟ್ಟಲಿಲ್ಲ. ಆದರೆ ಅದರ ಮುಂದೆಯೇ ಟ್ರಾಮ್ ನಿಲ್ಲುತ್ತದೆ, ಎರಡು ಸ್ಟಾಪ್ ಹೋದರೆ ದೋಗೊ ಬಿಸಿನೀರಿನ ಬುಗ್ಗೆ. ಅಲ್ಲಿನ ಮೂರಂತಸ್ತಿನ ಮರದ ಸ್ನಾನಗೃಹ 1894ರದ್ದು. ವರ್ಷಗಟ್ಟಲೆ ರಿಪೇರಿ ನಡೆದು 2024ರ ಜುಲೈಯಲ್ಲಿ ಪೂರ್ತಿ ತೆರೆಯಿತು, ಅಂದರೆ ನಾವು ಹೋದದ್ದು ಸರಿಯಾದ ಸಮಯಕ್ಕೆ. ರೂಬಿಯ ಜಿಟ್ ಕಂಪೈಲರ್ ವೈಜಿಟ್ ಬರೆದ ತಂಡ ಆ ಸಲ ಜೆಡ್‌ಜಿಟ್ ಅನ್ನುವ ಹೊಸ ಕಂಪೈಲರ್ ಬಗ್ಗೆ ಹೇಳಿತು. ಅದರ ಚರ್ಚೆ ಕುತ್ತಿಗೆವರೆಗಿನ ಬಿಸಿನೀರಿನಲ್ಲಿ ಮುಂದುವರಿಯಿತು. ಲ್ಯಾಪ್‌ಟಾಪ್ ಇಲ್ಲ, ಫೋನ್ ಇಲ್ಲ, ಮೈಮೇಲೆ ಬಟ್ಟೆಯೂ ಇಲ್ಲ. ಎದುರಿಗಿರುವವರ ಮಾತು ಕೇಳದೆ ಬೇರೆ ದಾರಿಯೇ ಇಲ್ಲ ಅಲ್ವಾ! ನಾಚಿಕೆ ಸ್ವಭಾವದವರಿಗೆ ಮಾತ್ರ ಮೊದಲ ಹತ್ತು ನಿಮಿಷ ಕಷ್ಟ.

ಊಟದ ವಿಷಯಕ್ಕೆ ಬಂದರೆ ಮೂರೂ ಊರು ಸಸ್ಯಾಹಾರಿಯನ್ನು ಸತಾಯಿಸುತ್ತವೆ. ಕಾರಣ ದಾಶಿ, ಒಣಗಿಸಿದ ಮೀನಿನ ತಿಳಿಸಾರು. ಮಾತ್ಸುಮೊಟೊದ ಸೋಬಾ ನೂಡಲ್ಸಿನ ಹಿಟ್ಟಿನಲ್ಲಿ ಮೀನು ಮಾಂಸ ಏನೂ ಇಲ್ಲ, ಅದ್ದಿಕೊಳ್ಳುವ ಸಾರಿನಲ್ಲಿ ಮೀನಿರುತ್ತದೆ. ನಾನು ಉಪ್ಪು ಉದುರಿಸಿಕೊಂಡೇ ತಿಂದೆ, ರುಚಿ ಚೆನ್ನಾಗಿಯೇ ಇತ್ತು. ಅಲ್ಲಿ ನನ್ನನ್ನು ಕಾಪಾಡಿದ್ದು ಓಯಾಕಿ. ಒಳಗೆ ಕುಂಬಳಕಾಯಿ ಅಥವಾ ಸೊಪ್ಪು ತುಂಬಿದ, ನಮ್ಮ ಕಡುಬಿನ ಹಾಗಿರುವ ತಿಂಡಿ. ನಾಹಾದಲ್ಲಿ ಹಾಗಲಕಾಯಿ ಬೀದಿ ಬೀದಿಯಲ್ಲಿದೆ ಅಂತ ಖುಷಿಪಟ್ಟರೆ ಅದರ ಜೊತೆ ಹಂದಿಮಾಂಸ. ಕಡಲೆಕಾಯಿ ಹಾಲಿನಿಂದ ಮಾಡುವ ಜೀಮಾಮಿ ತೋಫು ಸಿಕ್ಕಿದರೆ ಬಿಡಬೇಡಿ. ಮಾತ್ಸುಯಾಮಾದಲ್ಲಿ ಕಿತ್ತಳೆ ರಸದ್ದೇ ಹತ್ತಾರು ಬಗೆ, ಊಟ ಮಾತ್ರ ಕನ್ವೀನಿಯನ್ಸ್ ಸ್ಟೋರಿನದ್ದು. ಈ ಲೆಕ್ಕದಲ್ಲೂ ಮಾತ್ಸುಮೊಟೊಗೇ ನನ್ನ ಓಟು.

ನಡುವೆ ಒಂದು ಮಾತು. ಪೈಥಾನ್ ಅನ್ನುವ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ ಸಮ್ಮೇಳನ ಪೈಕಾನ್, ಭಾರತದಲ್ಲಿ ಮೊದಲ ಸಲ 2009ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ಬೆಂಗಳೂರಿನ ಸಮ್ಮೇಳನಗಳಲ್ಲಿ ಕೊನೆಯ ಭಾಷಣ ಮುಗಿಯುವ ಮೊದಲೇ ಅರ್ಧ ಜನ ಕ್ಯಾಬ್ ಹುಡುಕುತ್ತಿರುತ್ತಾರೆ, ಟ್ರಾಫಿಕ್ ಹಾಗಿದೆ. ಇದನ್ನೇ ಮೈಸೂರಿನಲ್ಲಿ ಮಾಡಿದರೆ? ಅರಮನೆ, ದೇವರಾಜ ಮಾರುಕಟ್ಟೆ, ಸಂಜೆ ಕುಕ್ಕರಹಳ್ಳಿ ಕೆರೆ ಏರಿ. ಊಟದ ಚಿಂತೆಯಂತೂ ಇಲ್ಲವೇ ಇಲ್ಲ.

ಒಟ್ಟಿನಲ್ಲಿ ಹೊಸ ಪರಿಚಯ ಮಾಡಿಕೊಳ್ಳುವುದಕ್ಕೆ ಮಾತ್ಸುಮೊಟೊ, ಆಗಲೇ ಗೊತ್ತಿರುವವರ ಜೊತೆ ಆಳವಾಗಿ ಮಾತಾಡುವುದಕ್ಕೆ ಮಾತ್ಸುಯಾಮಾ, ಮನೆಯವರನ್ನೂ ಕರೆದುಕೊಂಡು ಹೋಗುವುದಾದರೆ ನಾಹಾ. 2026ರದ್ದು ಹೊಕ್ಕೈಡೊದ ಹಾಕೊಡಾಟೆಗೆ ಅಂತ ಗೊತ್ತುಮಾಡಿದರು. ಚಿಕ್ಕ ಊರು, ಟ್ರಾಮ್ ಇದೆ, ಬಿಸಿನೀರೂ ಇದೆ. ಚಿಕ್ಕ ಊರಿನ ತೊಂದರೆ ಒಂದೇ, ಹೋಟೆಲ್ ರೂಮು ಸಿಗುವುದು ಕಷ್ಟ: ಮಾತ್ಸುಮೊಟೊದಲ್ಲಿ ತಡಮಾಡಿದವರು ಪಕ್ಕದ ಊರಿನಿಂದ ರೈಲಿನಲ್ಲಿ ಓಡಾಡಿದರು. ಮುಂದಿನ ಊರಿನ ಹೆಸರನ್ನು ಸಮಾರೋಪದಲ್ಲಿ ಹೇಳುತ್ತಾರೆ. ಆಗ ಚಪ್ಪಾಳೆ ಸ್ವಲ್ಪ ತೆಳುವಾಗಿ ಕೇಳಿಸಿದರೆ ಆಶ್ಚರ್ಯ ಬೇಡ, ಅರ್ಧ ಜನ ಫೋನಿನಲ್ಲಿ ರೂಮು ಬುಕ್ ಮಾಡುತ್ತಿರುತ್ತಾರೆ.