‘ಡೈರೆಕ್ಟ್ ಫ್ಲೈಟ್’ ಅಂದರೆ ನಂಬಬೇಡಿ: ಲಂಡನ್–ಸಿಡ್ನಿ ಹೋಗುವವರು ಇದನ್ನು ಓದಿ

ಅರ್ಧ ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಆದರೂ ಸಿಟ್ಟು ಇನ್ನೂ ಇಳಿದಿಲ್ಲ.

ಜುಲೈನಲ್ಲಿ ಅಮ್ಮನನ್ನು ಲಂಡನ್‌ನಿಂದ ಸಿಡ್ನಿಗೆ ಕರೆದುಕೊಂಡು ಹೋಗಬೇಕಿತ್ತು. ಅಮ್ಮನಿಗೆ ಮಂಡಿನೋವು. ಮಧ್ಯೆ ಇಳಿಯೋದು ಹತ್ತೋದು ಬೇಡವೇ ಬೇಡ ಅಂತ ಏಜೆಂಟ್‌ಗೆ ಮೂರು ಸಲ ಹೇಳಿದ್ದೆ. ಮೂರು ಸಲ! “ಡೈರೆಕ್ಟ್ ಇದೆ ಸರ್, 17,000 ಕಿ.ಮೀ., 19 ಗಂಟೆ” ಅಂದರು. ನೆಟ್‌ನಲ್ಲಿ ದೂರದ ಲೆಕ್ಕ ಹಾಕಿ ನೋಡಿದೆ, ಅಲ್ಲೂ ಅದೇ. 2018ರಲ್ಲಿ ಪರ್ತ್‌ನಿಂದ ಲಂಡನ್‌ಗೆ ಎಲ್ಲೂ ಇಳಿಯದ ವಿಮಾನ ಶುರುವಾಗಿದ್ದು ಗೊತ್ತಿತ್ತು, 14,500 ಕಿ.ಮೀ., ಸುಮಾರು 17 ಗಂಟೆ. ಸಿಡ್ನಿಗೂ ಬಂದಿರಬೇಕು ಅಂದುಕೊಂಡು ಜಾಸ್ತಿ ದುಡ್ಡು ಕೊಟ್ಟೆ.

ಟಿಕೆಟ್‌ನಲ್ಲಿ ಒಂದೇ ಫ್ಲೈಟ್ ನಂಬರ್. ಶುಕ್ರವಾರ ರಾತ್ರಿ ಎಂಟೂವರೆಗೆ ಹೊರಟು ಭಾನುವಾರ ಬೆಳಗ್ಗೆ ಐದಕ್ಕೆ ಸಿಡ್ನಿ. ಎರಡೂ ಆಯಾ ಊರಿನ ಸಮಯ. ಜುಲೈನಲ್ಲಿ ಸಿಡ್ನಿ 9 ಗಂಟೆ ಮುಂದೆ (ಡಿಸೆಂಬರ್‌ನಲ್ಲಾದರೆ 11). ಕಳೆದು ನೋಡಿದ್ದರೆ ಇಪ್ಪತ್ತಮೂರೂವರೆ ಗಂಟೆ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಸ್ಕೂಲ್ ಮಕ್ಕಳ ಲೆಕ್ಕ. ನಾನು ಮಾಡಲಿಲ್ಲ. ಬದಲಿಗೆ ಅಮ್ಮನಿಗೆ “ಒಂದು ನಿದ್ದೆ ಮುಗಿಸು, ಸಿಡ್ನಿ” ಅಂತ ಜಂಬ ಕೊಚ್ಚಿದೆ.

ಹದಿಮೂರು ಗಂಟೆ ಆದಮೇಲೆ ವಿಮಾನ ಇಳಿಯತೊಡಗಿತು. “ಬಂತೇನೋ?” ಅಂದರು ಅಮ್ಮ. ಕಿಟಕಿಯಾಚೆ ಸಿಂಗಾಪುರ. ಎಲ್ಲರೂ ಕೈಚೀಲ ಸಮೇತ ಇಳಿಯಬೇಕಂತೆ. ಇಂಧನ, ಕ್ಲೀನಿಂಗ್, ಹೊಸ ಸಿಬ್ಬಂದಿ. ಮತ್ತೆ ಸೆಕ್ಯುರಿಟಿ. ಅಮ್ಮನ ಊರುಗೋಲು ಬೆಲ್ಟ್ ಮೇಲೆ ಸ್ಕ್ಯಾನರ್ ಒಳಗೆ ಹೋಯಿತು, ಅದು ಆಚೆ ಬರುವವರೆಗೆ ಅಮ್ಮ ನನ್ನ ಭುಜ ಹಿಡಿದುಕೊಂಡು ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅಲ್ಲಿಂದಲೇ ಏಜೆಂಟ್‌ಗೆ ಮೆಸೇಜ್ ಮಾಡಿದೆ.

“ಡೈರೆಕ್ಟ್ ಅಂದ್ರೆ ಒಂದೇ ಫ್ಲೈಟ್ ನಂಬರ್ ಸರ್. ನಾನ್‌ಸ್ಟಾಪ್ ಅಂತ ನಾನೆಲ್ಲಿ ಹೇಳಿದೆ?”

19 ಗಂಟೆ ಅಂದ್ರಲ್ಲ?

“ಅದು ಅಂದಾಜು ಸರ್, ಫ್ಲೈಯಿಂಗ್ ಟೈಮ್.”

ಅದೂ ಸುಳ್ಳೇ. ಸಿಂಗಾಪುರದಿಂದ ಸಿಡ್ನಿಗೆ ಮತ್ತೆ ಹತ್ತಿರಹತ್ತಿರ ಎಂಟು ಗಂಟೆ. 17,000ವನ್ನು ಗಂಟೆಗೆ 900ರಂತೆ ಭಾಗಿಸಿದರೆ 19 ಬರುತ್ತದೆ, ಅಷ್ಟೇ ಅದರ ಕಥೆ. ಎದುರುಗಾಳಿ, ಸುತ್ತುದಾರಿ, ರನ್‌ವೇಗೆ ಕಾಯೋದು ಯಾವುದೂ ಅದರಲ್ಲಿಲ್ಲ. ಆಮೇಲೆ ಓದಿದೆ: 2019ರಲ್ಲಿ ಲಂಡನ್‌ನಿಂದ ಸಿಡ್ನಿಗೆ ಎಲ್ಲೂ ಇಳಿಯದೆ ಹಾರಿದ ವಿಮಾನ 19 ಗಂಟೆ 19 ನಿಮಿಷ ತಗೊಂಡಿತ್ತು. ಅದು ಪರೀಕ್ಷೆಯ ಹಾರಾಟ, ಒಳಗಿದ್ದವರು ಐವತ್ತರಷ್ಟು ಜನ. ನನ್ನಂಥವರಿಗೆ ಮಾರೋ ಟಿಕೆಟ್ ಅಲ್ಲ.

ಟಿಕೆಟ್ ಮಾಡಿಸುವಾಗ ‘ನಾನ್‌ಸ್ಟಾಪ್’ ಅನ್ನೋ ಪದವನ್ನು ಬರವಣಿಗೆಯಲ್ಲೇ ಕೇಳಿ. ‘ಸ್ಟಾಪ್ಸ್’ ಅಂತ ಇರುವ ಕಡೆ ಸೊನ್ನೆ ಇದೆಯಾ ನೋಡಿ. ಫೋನಿನಲ್ಲಿ ಸರ್ ಸರ್ ಅನ್ನುವವರನ್ನಂತೂ ನಂಬಲೇಬೇಡಿ.

ಕೊನೆಗೆ ಬಂದ ಉತ್ತರ: “ವಾಪಸ್ ಹತ್ತಿದಾಗ ಸೇಮ್ ಸೀಟೇ ಕೊಟ್ರಲ್ಲ ಸರ್?”

ಹಿಂದಿರುಗುವ ಟಿಕೆಟ್ಟೂ ಅವರಲ್ಲೇ ಮಾಡಿಸಿದ್ದೇನೆ. ಅದೂ ಡೈರೆಕ್ಟೇ. ಅಮ್ಮನಿಗೆ ಇನ್ನೂ ಹೇಳಿಲ್ಲ.