ಲಾನ್‌ನ ಫಂಗಸ್‌ಗೆ ಬೋರ್ಡೋ, ಟ್ರೈಕೋಡರ್ಮಾ, ಪ್ರೊಪಿಕೊನಜೋಲ್: ಮೂರನ್ನೂ ಹಾಕಿ ನೋಡಿದ್ದು

ಶಿರಸಿ ಕಡೆ ಮಳೆಗಾಲದಲ್ಲಿ ಯಾವ ಗಿಡಕ್ಕೆ ಏನೇ ಬಂದರೂ ಮೊದಲು ಬಾಯಿಗೆ ಬರುವ ಮಾತು ‘ಬೋರ್ಡೋ ಹೊಡೆದುಬಿಡಿ’, ಅಂದರೆ ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ. ಅಡಿಕೆಗೆ ಹೊಡೆದು ಉಳಿದಿದ್ದು ಡ್ರಮ್ಮಿನಲ್ಲಿ ಇರುತ್ತದೆ, ಪಂಪೂ ಕೈಯಲ್ಲೇ ಇರುತ್ತದೆ, ಅಂಗಳದ ಹುಲ್ಲಿಗೂ ಸುಮ್ನೆ ಒಂದು ಕೈ ಬೀಳುತ್ತದೆ. ನಮ್ಮ ಮನೆ ಮುಂದಿನ ಮೆಕ್ಸಿಕನ್ ಹುಲ್ಲನ್ನು ಮೂರು ಪಾಲು ಮಾಡಿ ಮೂರು ಔಷಧಿ ನೋಡಿದ ಮೇಲೆ ಹೇಳುತ್ತೇನೆ, ಲಾನ್‌ಗೆ ಬೋರ್ಡೋ ಬೇಡ.

ಅದಕ್ಕೂ ಮೊದಲು ಅದು ಫಂಗಸ್ ಹೌದಾ ನೋಡಿಕೊಳ್ಳಿ. ಬೆಳಿಗ್ಗೆ ಹುಲ್ಲು ಒದ್ದೆ ಇರುವಾಗಲೇ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಕಂದು ವೃತ್ತ, ಅದರ ಅಂಚಿಗೆ ಬೂದುಗಪ್ಪು ಬಳೆ, ಎಲೆ ಹಿಡಿದು ಎಳೆದರೆ ಬುಡ ಕೊಳೆತು ಸಲೀಸಾಗಿ ಕಿತ್ತು ಬರುತ್ತದೆ ಅಂದರೆ ಬ್ರೌನ್ ಪ್ಯಾಚ್, ರೈಜೋಕ್ಟೋನಿಯಾ ಶಿಲೀಂಧ್ರದ್ದು. ನಾಣ್ಯದಗಲದ ಬಿಳಚು ಮಚ್ಚೆ, ಮೇಲೆ ತೆಳ್ಳನೆ ಬಿಳಿ ನೂಲು ಇದ್ದರೆ ಡಾಲರ್ ಸ್ಪಾಟ್. ಇದು ಸಾರಜನಕ ಕಡಿಮೆಯಾದ ಹುಲ್ಲಿಗೆ ಜಾಸ್ತಿ. ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬಂದರೆ ಕೆಳಗೆ ಬೇರುಹುಳ ಇದೆ, ಫಂಗಸ್ ಔಷಧಿ ಹೊಡೆದರೆ ದುಡ್ಡು ದಂಡ. ನಡುವೆ ಸುಟ್ಟು ಸುತ್ತ ಕಡುಹಸಿರಾಗಿದ್ದರೆ ಬೀದಿನಾಯಿ ಮೂತ್ರ ಮಾಡಿದ್ದು, ಅಷ್ಟೇ.

ನಮ್ಮಲ್ಲಿದ್ದದ್ದು ಬ್ರೌನ್ ಪ್ಯಾಚ್.

ಬೋರ್ಡೋ ಶೇ. 1ರದ್ದು, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ. ಅಡಿಕೆ ಕೊಳೆಗೆ ಅದು ಸರಿಯೇ. ಆದರೆ ಆ ಕೊಳೆ ತರುವ ಫೈಟೋಫ್ತೊರಾ ಬೇರೆಯೇ ಜಾತಿ. ಮತ್ತೆ ಬೋರ್ಡೋ ಎಲೆ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಅಡಿಕೆ ಗೊನೆ ಇದ್ದಲ್ಲೇ ಇರುತ್ತದೆ, ಹುಲ್ಲು ಹಾಗಲ್ಲ, ದಿನಾ ಹೊಸ ಚಿಗುರು ಬರುತ್ತದೆ, ಅದರ ಮೇಲೆ ಔಷಧಿ ಇರುವುದಿಲ್ಲ, ಕತ್ತರಿಸಿದಾಗ ಇದ್ದ ಔಷಧಿಯೂ ಹುಲ್ಲಿನ ಜೊತೆಗೇ ಹೋಗುತ್ತದೆ. ಆ ಪಾಲಿನಲ್ಲಿ ಕಂದು ವೃತ್ತ ಹಿಗ್ಗುತ್ತಲೇ ಹೋಯಿತು. ಮೆಟ್ಟಿಲ ಮೇಲೆ ನೀಲಿ ಕಲೆ ಬೇರೆ! ತಾಮ್ರ ಮಣ್ಣಲ್ಲೇ ಉಳಿಯುತ್ತದೆ ಅನ್ನುವುದೂ ನೆನಪಿರಲಿ.

ಟ್ರೈಕೋಡರ್ಮಾ ಅಂದರೆ ರೋಗದ ಫಂಗಸ್ಸನ್ನು ತಡೆಯುವ ಉಪಕಾರಿ ಫಂಗಸ್, ನಿಧಾನದ್ದು. ಪುಡಿ 1 ಕೆಜಿಗೆ ಹುಡಿಯಾದ ಕೊಟ್ಟಿಗೆ ಗೊಬ್ಬರ 100 ಕೆಜಿ ಲೆಕ್ಕದಲ್ಲಿ ಬೆರೆಸಿ, ತೇವ ಮಾಡಿ, ನೆರಳಲ್ಲಿ ಗೋಣಿ ಮುಚ್ಚಿ ಎರಡು ವಾರ ಇಟ್ಟರೆ ಗೊಬ್ಬರದ ಮೇಲೆ ಹಸಿರು ಬೂಸ್ಟು ಏಳುತ್ತದೆ. ಅದನ್ನು ಮೃಗಶಿರಾ ಮಳೆಗೆ ಮೊದಲೇ ತೆಳ್ಳಗೆ ಹರಡಬೇಕು. ರೋಗ ಹಬ್ಬಿದ ಮೇಲೆ ಹಾಕಿದರೆ ಏನೂ ಪ್ರಯೋಜನ ಕಾಣುವುದಿಲ್ಲ. ಮೊದಲೇ ಹಾಕಿದ ಪಾಲಿನಲ್ಲಿ ಮಚ್ಚೆ ಬಂತು, ಆದರೆ ಕಡಿಮೆ, ಚಿಕ್ಕದು. ಕತ್ತರಿಸಿದ ಹುಲ್ಲನ್ನು ದನಕ್ಕೆ ಹಾಕುವ ಮನೆಯಾದರೆ ನನ್ನ ಓಟು ಇದಕ್ಕೇ.

ಹಬ್ಬುತ್ತಿರುವುದನ್ನು ನಿಲ್ಲಿಸಿದ್ದು ಪ್ರೊಪಿಕೊನಜೋಲ್ ಮಾತ್ರ. ರಾಸಾಯನಿಕ ಔಷಧಿ, 25 ಇಸಿ (ನೀರಿಗೆ ಬೆರೆಸುವ ಶೇ. 25ರ ದ್ರವ), ಲೀಟರ್ ನೀರಿಗೆ 1 ಮಿಲಿ. ಎಲೆಯೊಳಗೆ ಇಳಿಯುವ ಔಷಧಿ, ಆದರೂ ಪುಷ್ಯ ಮಳೆಯಲ್ಲಿ ಮಳೆ ಬಿಟ್ಟ ಒಂದು ಹೊಳವು ಕಾದು ಹೊಡೆಯಬೇಕು. ಸತ್ತ ಎಲೆ ಹಸಿರಾಗುವುದಿಲ್ಲ, ಹೊಸ ಚಿಗುರಿಗೆ ಕಾಯಬೇಕು. ಪದೇ ಪದೇ ಇದನ್ನೇ ಹೊಡೆದರೆ ಫಂಗಸ್ ಔಷಧಿಗೆ ಪಳಗುತ್ತದೆ, ಆಮೇಲೆ ನಾಟುವುದಿಲ್ಲ. ಇನ್ನೊಮ್ಮೆ ಬೇಕಾದರೆ ಅಜಾಕ್ಸಿಸ್ಟ್ರೋಬಿನ್ ಥರ ಬೇರೆ ಗುಂಪಿನದ್ದು ತನ್ನಿ. ಟ್ರೈಕೋಡರ್ಮಾ ಹಾಕಿದ ಜಾಗಕ್ಕೆ ಇದನ್ನು ಹೊಡೆಯಬೇಡಿ, ಅದೂ ಫಂಗಸ್ಸೇ ಅಲ್ವಾ, ಸಾಯುತ್ತದೆ. ಕೈಗವಸು, ಮಾಸ್ಕ್ ಬೇಕೇ ಬೇಕು. ಆ ಹುಲ್ಲು ಕೊಟ್ಟಿಗೆಗೂ ಬೇಡ, ಚೌತಿಯ ಗರಿಕೆಯನ್ನೂ ಅಲ್ಲಿಂದ ಕೊಯ್ಯಬೇಡಿ.

ಒಂದು ವಿಷಯ ಮೂರೂ ಪಾಲಿಗೆ ಸಮಾನ. ಮಾಡಿನ ನೀರು ಬೀಳುವ ಸಾಲಿನಲ್ಲಿ ಯಾವ ಔಷಧಿಯೂ ಬಾಳಲಿಲ್ಲ. ಅಲ್ಲಿ ಸಣ್ಣ ಕಾಲುವೆ ತೆಗೆದು ನೀರು ಹೊರಗೆ ಬಿಟ್ಟ ಮೇಲೆ, ಮೇಲೆ ಬಾಗಿದ ಪೇರಲದ ಟೊಂಗೆ ಕಡಿದು ಬಿಸಿಲು ಬಿದ್ದ ಮೇಲೆ ಹುಲ್ಲು ತಾನಾಗಿ ಚೇತರಿಸಿತು. ಮಳೆಗಾಲದಲ್ಲಿ ಯೂರಿಯಾ ಎರಚಬೇಡಿ, ಒದ್ದೆ ಹುಲ್ಲಿಗೆ ಮಷಿನ್ ಹಾಕಬೇಡಿ, ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಬೇಸಿಗೆಯಲ್ಲಿ ನೀರು ಹಾಕುವುದಿದ್ದರೆ ಸಂಜೆ ಬಿಟ್ಟು ಬೆಳಿಗ್ಗೆ ಹಾಕಿ.