ಎಂಎ + ಕೆಎಎಸ್ ಕೋಚಿಂಗ್ ಪ್ಯಾಕೇಜ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ, ಯಾಕಂದ್ರೆ ಈ ತಿಂಗಳೂ ನಾನು ದುಡ್ಡು ಕಟ್ಟಿದ ಕೋಚಿಂಗ್ ಸೆಂಟರ್ ಮುಂದೆ ಊರಿಂದ ಬಂದೋರು ಅಪ್ಪಂದಿರ ಜೊತೆ ನಿಂತಿದ್ರು.

ಬೆಂಗಳೂರಿನ ವಿಜಯನಗರದಲ್ಲಿದೆ, ಹೆಸರು ಬೇಡ, ಅಂಥವು ಅಲ್ಲಿ ಬೀದಿಗೆ ನಾಲ್ಕಿವೆ. ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಎಂಎ ಜೊತೆಗೆ ಐಎಎಸ್ ಕೆಎಎಸ್ ಕೋಚಿಂಗ್, ಎರಡು ವರ್ಷಕ್ಕೆ 1,60,000. ಗೋಡೆ ತುಂಬಾ ರ‍್ಯಾಂಕ್ ಬಂದೋರ ಫೋಟೋ. ಮೇಡಂ ಅಪ್ಪಂಗೆ ಟೀ ಕೊಟ್ಟು, "ಅಂಕಲ್, ಎಂಎಲಿ ಓದಿದ್ದೇ ಆಪ್ಷನಲ್ ಆಗತ್ತೆ, ಐಎಎಸ್‌ಗೂ ಅದೇ ಕೆಎಎಸ್‌ಗೂ ಅದೇ, ಏನೂ ಆಗ್ಲಿಲ್ಲ ಅಂದ್ರೂ ಕೈಲಿ ಎಂಎ ಇರತ್ತಲ್ಲ" ಅಂದ್ರು. (ಆಪ್ಷನಲ್ ಅಂದ್ರೆ ಮೇನ್ಸಲ್ಲಿ, ಅಂದ್ರೆ ಬರೆಯೋ ಮುಖ್ಯ ಪರೀಕ್ಷೆಲಿ, ನಾವೇ ಆರಿಸ್ಕೊಳ್ಳೋ ಸಬ್ಜೆಕ್ಟ್.) ಕೊಬ್ಬರಿ ಮಾರಿದ ದುಡ್ಡು, 90,000 ಅಲ್ಲೇ ಕಟ್ಟಿದ್ವಿ.

ಮೂರು ತಿಂಗಳಾದ್ಮೇಲೆ ರೀಡಿಂಗ್ ರೂಮಲ್ಲಿ ಪಕ್ಕ ಕೂರೋ ಶಿವಮೊಗ್ಗದ ಅಣ್ಣ ಒಬ್ರು ನನ್ ನೋಟ್ಸ್ ನೋಡಿ "ಕೆಎಎಸ್ ಮೇನ್ಸಲ್ಲಿ ಆಪ್ಷನಲ್ ಎಲ್ಲಿದೆಯೋ ಮಾರಾಯ, ತೆಗೆದು ಎಷ್ಟು ಕಾಲ ಆಯ್ತು" ಅಂದ್ರು. ತಮಾಷೆ ಅನ್ಕೊಂಡು ನಕ್ಕೆ. ಅವ್ರು ಮೊಬೈಲಲ್ಲಿ 384 ಪೋಸ್ಟಿನ ಕೆಪಿಎಸ್‌ಸಿ ನೋಟಿಫಿಕೇಷನ್ ತೆಗೆದ್ರು. ಪ್ರಬಂಧ 250, ಜಿಎಸ್ (ಜನರಲ್ ಸ್ಟಡೀಸ್) ನಾಲ್ಕು ಪೇಪರ್ ತಲಾ 250, ಒಟ್ಟು 1250. ಮೂರ್ ಸಲ ಓದಿದೆ. ಆಪ್ಷನಲ್ ಇಲ್ಲ. ಎಲ್ಲೂ ಇಲ್ಲ. ಆಫೀಸರ್ ಆಗ್ತೀನಿ ಅಂತ ಬಂದೋನು ನೋಟಿಫಿಕೇಷನ್ನೇ ಓದಿರಲಿಲ್ಲ, ಕಿವಿ ಬಿಸಿ ಆಗೋಯ್ತು.

ಹೋಗಿ ಕೇಳಿದ್ರೆ ಮೇಡಂ "ನಾವ್ ಹೇಳಿದ್ದು ಯುಪಿಎಸ್‌ಸಿಗೆ ಸರ್" ಅಂತಾರೆ. ಅಪ್ಪನ ಎದುರಿಗೆ ಎರಡಕ್ಕೂ ಅಂದ್ರಲ್ಲ ಅಂದೆ. "ಜಿಎಸ್‌ಗೂ ಹೆಲ್ಪ್ ಆಗತ್ತೆ, ನೆಗೆಟಿವ್ ಆಗಿ ಯೋಚ್ನೆ ಮಾಡ್ಬೇಡಿ." ದುಡ್ಡು ವಾಪಸ್ ಕೊಡಿ ಅಂದ್ರೆ "ಇಂಟರ್‌ವ್ಯೂನಲ್ಲಿ ಎಂಎಗೆ ವೇಯ್ಟೇಜ್ ಇರತ್ತೆ ಸರ್" ಅಂತೆ! ಕೆಎಎಸ್ ಇಂಟರ್‌ವ್ಯೂ ಇರೋದೇ 25 ಮಾರ್ಕ್ಸ್ ಮೇಡಂ.

ಆಮೇಲೆ ರಸೀದಿ ತೆಗೆದು ನೋಡಿದೆ, 'ಕೋಚಿಂಗ್ ಮತ್ತು ಮೆಟೀರಿಯಲ್' ಅಷ್ಟೇ ಇದೆ, ಎಂಎ ಅನ್ನೋ ಪದಾನೇ ಇಲ್ಲ. ಎಂಎ ಅಂದ್ರೆ ಬೇರೆ ರಾಜ್ಯದ ಯಾವುದೋ ಯೂನಿವರ್ಸಿಟಿದು ಕರೆಸ್ಪಾಂಡೆನ್ಸ್ ಅಂತೆ, ಅದರ ಫೀಸು ಬೇರೆ ಅಂತೆ. "ಬ್ರೋಷರಲ್ಲಿ ಅಡ್ಮಿಷನ್ ಅಸಿಸ್ಟೆನ್ಸ್ ಅಂತ ಇದೆ ನೋಡಿ ಸರ್." ನೋಡಿದೆ, ಇದೆ, ಇರುವೆ ಸೈಜಲ್ಲಿ.

ಐಎಎಸ್‌ಗಾಗಲಿ ಕೆಎಎಸ್‌ಗಾಗಲಿ ಬರೀ ಡಿಗ್ರಿ ಸಾಕು, ಎಂಎ ಬೇಕೇ ಬೇಕು ಅಂತಿಲ್ಲ. ಯುಪಿಎಸ್‌ಸಿಲಿ ಆಪ್ಷನಲ್‌ಗೆ 500 ಮಾರ್ಕ್ಸ್ ಇದೆ ನಿಜ, ಅದಕ್ಕೂ ಆ ಸಬ್ಜೆಕ್ಟಲ್ಲಿ ಎಂಎ ಆಗಿರಬೇಕಿಲ್ಲ. ಎಂಎ ಮಾಡೋದೇ ಆದ್ರೆ ಸರ್ಕಾರಿ ಯೂನಿವರ್ಸಿಟಿಲಿ ರೆಗ್ಯುಲರ್ ಮಾಡಿ, ಕರೆಸ್ಪಾಂಡೆನ್ಸ್ ಆದ್ರೆ ಆ ವರ್ಷ ಆ ಕೋರ್ಸಿಗೆ ಪರ್ಮಿಷನ್ ಇದ್ಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗ ಡಿಇಬಿ ವೆಬ್‌ಸೈಟಲ್ಲಿ ನೀವೇ ನೋಡಿ. ಗೋಡೆ ಮೇಲಿನ ಫೋಟೋದೋರು ಯಾವ ಕೋರ್ಸ್ ತಗೊಂಡಿದ್ರು ಅಂತ ಕೇಳಿ, ಬರೀ ಮಾಕ್ (ಅಭ್ಯಾಸದ) ಇಂಟರ್‌ವ್ಯೂಗೆ ಬಂದೋರೂ ಇರ್ತಾರೆ. ಜಾಹೀರಾತಲ್ಲಿ ಅದನ್ನ ಹೇಳ್ಲೇಬೇಕು ಅಂತ 2024ರ ನವೆಂಬರ್‌ನಲ್ಲೇ ಕೇಂದ್ರದ ರೂಲ್ಸ್ ಬಂದಿದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಕೊಟ್ಟಿದೀನಿ. ಅಪ್ಪಂಗೆ ಇನ್ನೂ ಹೇಳಿಲ್ಲ. ಇಂಥ ಕಡೆಯಿಂದ ದುಡ್ಡು ವಾಪಸ್ ತಗೊಂಡೋರು ಯಾರಾದ್ರೂ ಇದ್ರೆ ಹೇಗೆ ಅಂತ ಹೇಳಿ, ರಸೀದಿ ಬ್ರೋಷರ್ ಎರಡೂ ಇಟ್ಕೊಂಡಿದೀನಿ.